ಹಿಮಯುಗಗಳು ನಾಲ್ಕೇನಾ? ಹಳದಿ ಮಣ್ಣು ಕೊಟ್ಟ ಲೆಕ್ಕ

ಇವತ್ತಿನ ಕಥೆ ಶುರುವಾಗೋದು ಒಂದು ರಾತ್ರಿಯಲ್ಲಿ.

1954ನೇ ಇಸವಿ. ಚೀನಾದ ಹೆನಾನ್ ಪ್ರಾಂತ್ಯ, ಹಳದಿ ನದಿಯ ಹತ್ತಿರದ ಒಂದು ಸಣ್ಣ ಊರು. ಲಿಯು ದೊಂಗ್‌ಶೆಂಗ್ ಅನ್ನೋ ಭೂವಿಜ್ಞಾನಿ ಸಮೀಕ್ಷೆಗೆ ಅಂತ ಬಂದಿದ್ದರು. ಕತ್ತಲಾದ ಮೇಲೆ ಎದುರಿನ ಗುಡ್ಡ ನೋಡ್ತಾರೆ, ಸಾಲು ಸಾಲು ದೀಪ. ಒಂದರ ಮೇಲೊಂದು ಸಾಲು, ಥೇಟ್ ಮಹಡಿ ಕಟ್ಟಡದ ಹಾಗೆ. ಆದ್ರೆ ಅಲ್ಲಿ ಕಟ್ಟಡವೇ ಇಲ್ಲ! ಅವೆಲ್ಲ ಗುಡ್ಡ ಕೊರೆದು ಮಾಡಿಕೊಂಡ ಗುಹೆಮನೆಗಳು.

ಬೆಳಿಗ್ಗೆ ಹೋಗಿ ನೋಡಿದರೆ, ಮನೆಗಳ ಸಾಲಿನ ಮೇಲೆ ಕೆಂಪು ಮಣ್ಣಿನ ಪಟ್ಟಿ. ಅದರ ತಳದಲ್ಲಿ ಸುಣ್ಣದ ಗಂಟುಗಳು ಗಟ್ಟಿಯಾಗಿ ಕೂತಿವೆ. ಜನ ಅದನ್ನೇ ಚಾವಣಿ ಮಾಡಿಕೊಂಡು, ಕೆಳಗಿನ ಮೆತ್ತನೆಯ ಹಳದಿ ಮಣ್ಣನ್ನ ಕೊರೆದಿದ್ದರು.

ಈ ಹಳದಿ ಮಣ್ಣಿಗೆ ಲೋಯೆಸ್ ಅಂತ ಹೆಸರು. ಇದು ನದಿ ತಂದಿದ್ದಲ್ಲ, ಗಾಳಿ ತಂದಿದ್ದು. ಹಿಮಯುಗದ ಚಳಿ, ಒಣಹವೆಯಲ್ಲಿ ವಾಯವ್ಯದ ಮರುಭೂಮಿಗಳ ಕಡೆಯಿಂದ ದೂಳು ಹಾರಿಬಂದು ಇಲ್ಲಿ ಬೀಳ್ತಿತ್ತು. ಗಾಳಿ ಜೋರಿದ್ದ ಕಾಲದ ಪದರದಲ್ಲಿ ಕಣಗಳು ದಪ್ಪ.

ಹಾಗಾದ್ರೆ ಕೆಂಪು ಪಟ್ಟಿ? ಅದು ಬೆಚ್ಚಗಿನ ಕಾಲದ್ದು. ಮಳೆ ಹೆಚ್ಚಾಯ್ತು, ದೂಳು ಕಡಿಮೆಯಾಯ್ತು, ಹುಲ್ಲು ಬೆಳೀತು, ಮಣ್ಣಿನಲ್ಲಿದ್ದ ಕಬ್ಬಿಣ ಕೆಂಪಗಾಯ್ತು. ಮಳೆನೀರು ಸುಣ್ಣವನ್ನ ಕರಗಿಸಿ ಕೆಳಗೆ ಇಳಿಸ್ತು. ಅದೇ ಆ ಗಂಟುಗಳು. ಮತ್ತೆ ಹಿಮಯುಗ ಬಂದಾಗ ಆ ನೆಲ ದೂಳಿನಡಿ ಹೂತುಹೋಯ್ತು. ಅಂದರೆ ಒಂದೊಂದು ಕೆಂಪು ಪಟ್ಟಿಯೂ ಒಂದು ಕಾಲದಲ್ಲಿ ಹುಲ್ಲು ಬೆಳೆದಿದ್ದ ಭೂಮಿಯ ಮೇಲ್ಮೈ.

ಇಲ್ಲೇ ಒಂದು ತಕರಾರು ಎದ್ದಿದ್ದು. ಆಲ್ಬ್ರೆಕ್ಟ್ ಪೆಂಕ್, ಎಡುವರ್ಡ್ ಬ್ರೂಕ್ನರ್ ಇಬ್ಬರೂ ಆಲ್ಪ್ಸ್ ಪರ್ವತದಲ್ಲಿ ಅಧ್ಯಯನ ಮಾಡಿ, 1909ರ ಹೊತ್ತಿಗೆ ನಾಲ್ಕು ಹಿಮಯುಗ ಅಂತ ಹೇಳಿದ್ದರು. ದಶಕಗಳ ಕಾಲ ಪಾಠಪುಸ್ತಕದಲ್ಲಿ ಇದ್ದಿದ್ದು ಅದೇ. ಆದರೆ ಚೀನಾದ ಗುಡ್ಡದಲ್ಲಿ ಕೆಂಪು ಪಟ್ಟಿಗಳು ನಾಲ್ಕಕ್ಕಿಂತ ಎಷ್ಟೋ ಹೆಚ್ಚು. ಯಾರ ಲೆಕ್ಕ ಸರಿ?

ನಾನು ಬಿ.ಕಾಂ. ಓದಿದವನು. ನಮಗೆ ಮೊದಲು ಕಲಿಸೋದೇ, ನಮ್ಮ ಕ್ಯಾಶ್ ಬುಕ್ ಒಂದನ್ನೇ ನಂಬಬೇಡ, ಬ್ಯಾಂಕಿನ ಪಾಸ್‌ಬುಕ್ ಜೊತೆ ತಾಳೆ ನೋಡು ಅಂತ. ಇಲ್ಲೂ ಹಾಗೇ ಆಯ್ತು. 1982ರಲ್ಲಿ ಫ್ರೀಡ್ರಿಖ್ ಹೆಲ್ಲರ್ ಮತ್ತು ಲಿಯು, ಲುವೋಚುವಾನ್ ಅನ್ನೋ ಜಾಗದ ಮಣ್ಣಿನ ಕಾಂತತ್ವದ ಅಧ್ಯಯನ ಪ್ರಕಟಿಸಿದರು. ಭೂಮಿಯ ಕಾಂತಕ್ಷೇತ್ರ ಆಗಾಗ ತಲೆಕೆಳಗಾಗುತ್ತೆ. ಕೊನೆಯ ಸಲ ಹಾಗಾಗಿದ್ದು ಸುಮಾರು 7.8 ಲಕ್ಷ ವರ್ಷಗಳ ಹಿಂದೆ. ದೂಳಿನ ಕಣಗಳು ಅದನ್ನ ನೆನಪಿಟ್ಟುಕೊಂಡಿರುತ್ತವೆ. ಹೀಗೆ ಪದರಗಳಿಗೆ ತಾರೀಖು ಸಿಕ್ಕಿತು. ಈ ದೂಳಿನ ರಾಶಿ ಸುಮಾರು 26 ಲಕ್ಷ ವರ್ಷ ಹಳೆಯದು ಅಂತ ಇವತ್ತು ಗೊತ್ತಿದೆ.

ಕೆಂಪು ಪಟ್ಟಿಗಳಲ್ಲಿ ಕಾಂತತ್ವ ಹೆಚ್ಚು, ಯಾಕಂದ್ರೆ ಬೆಚ್ಚಗಿನ ಒದ್ದೆ ಮಣ್ಣಲ್ಲಿ ಕಬ್ಬಿಣದ ಅತಿಸೂಕ್ಷ್ಮ ಖನಿಜಗಳು ಹುಟ್ಟುತ್ತವೆ. ಆ ಏರಿಳಿತವನ್ನ ಗ್ರಾಫ್ ಮಾಡಿ, ಆಳಸಮುದ್ರದ ಸೂಕ್ಷ್ಮ ಚಿಪ್ಪುಗಳಿಂದ ತೆಗೆದ ಗ್ರಾಫ್ ಪಕ್ಕ ಇಟ್ಟರೆ, ಮುಖ್ಯ ಏರಿಳಿತಗಳೆಲ್ಲ ತಾಳೆಯಾಗ್ತವೆ! ಒಂದು ಪುಸ್ತಕ ಗಾಳಿ ಬರೆದಿದ್ದು, ಇನ್ನೊಂದು ಸಮುದ್ರ ಬರೆದಿದ್ದು. ನಾಲ್ಕು ಹಿಮಯುಗಗಳ ಪಾಠ ಅಲ್ಲಿಗೆ ಮುಗೀತು.

ಆದರೆ ಈ ಮಣ್ಣು ಬರೀ ದಾಖಲೆ ಅಲ್ಲ. 1556ರ ಜನವರಿಯಲ್ಲಿ ಶಾನ್‌ಶಿ ಪ್ರಾಂತ್ಯದಲ್ಲಿ ಭೂಕಂಪ ಆದಾಗ ಗುಹೆಮನೆಗಳು ಕುಸಿದವು. ಚೀನಾದ ದಾಖಲೆಗಳ ಪ್ರಕಾರ ಸತ್ತವರು ಸುಮಾರು 8.3 ಲಕ್ಷ. ಕೊರೆಯೋಕೆ ಸುಲಭವಾದ ಮಣ್ಣು ಕುಸಿಯೋದೂ ಅಷ್ಟೇ ಸುಲಭ, ಕೊಚ್ಚಿಹೋಗೋದೂ ಅಷ್ಟೇ ಸುಲಭ. ಹಳದಿ ನದಿಗೆ ಆ ಬಣ್ಣ ಬಂದಿದ್ದೇ ಹಾಗೆ. ಕಡಿದಾದ ಇಳಿಜಾರಿನ ಹೊಲಗಳನ್ನ ಮತ್ತೆ ಕಾಡು, ಹುಲ್ಲುಗಾವಲು ಮಾಡೋ ದೊಡ್ಡ ಯೋಜನೆಯನ್ನ ಚೀನಾ 1999ರಲ್ಲಿ ಶುರು ಮಾಡ್ತು.

ಹೊಲದ ಮೇಲ್ಮಣ್ಣು ಕೊಚ್ಚಿಹೋದರೆ ರೈತನಿಗೆ ಬೆಳೆ ನಷ್ಟ. ಅದರ ಜೊತೆಗೆ ಸಾವಿರಾರು ವರ್ಷಗಳ ಮಳೆಯ ಲೆಕ್ಕವೂ ಹೋಗುತ್ತೆ. ಮುಂದಿನ ಸಲ ರಸ್ತೆಗೆ ಅಂತ ಗುಡ್ಡ ಕಡಿದಿರೋದು ಕಂಡರೆ, ಒಂದು ನಿಮಿಷ ನಿಂತು ಮಣ್ಣಿನ ಪಟ್ಟಿಗಳನ್ನ ನೋಡಿ.