ಕಟ್ಟೆಯಿಂದ ಕಟ್ಟೆಗೆ

ಹಳೇ ಮೈಸೂರು ಸೀಮೆಯ ಗಾಡಿದಾರಿಗಳ ಪಕ್ಕ ಅಲ್ಲೊಂದು ಇಲ್ಲೊಂದು ಹೊರೆಗಲ್ಲು ಇನ್ನೂ ಉಳಿದಿದೆ. ಎರಡು ಕಂಬಗಲ್ಲು, ಮೇಲೆ ಅಡ್ಡ ಮಲಗಿಸಿದ ಒಂದು ಚಪ್ಪಡಿ. ನಿಂತವರ ಹೆಗಲಿನ ಮಟ್ಟಕ್ಕೆ ಬರುವಷ್ಟು ಎತ್ತರ. ತಲೆಯ ಮೇಲಿನ ಸೌದೆ ಹೊರೆಯನ್ನೋ ರಾಗಿ ಮೂಟೆಯನ್ನೋ ಯಾರ ಕೈ ನೆರವೂ ಇಲ್ಲದೆ ಅದರ ಮೇಲೆ ಜಾರಿಸಿ, ಉಸಿರು ತಿರುಗಿಸಿಕೊಂಡು, ಮತ್ತೆ ತಲೆಗೇರಿಸಿಕೊಳ್ಳಬಹುದು. ಮಂಡಿ ಬಗ್ಗಿಸಬೇಕಾಗಿಲ್ಲ. ಹೊರೆ ಹೊತ್ತು ಕುಕ್ಕರಗಾಲಲ್ಲಿ ಕೂತು ಏಳುವುದು ಎಂಥ ಕಷ್ಟ ಎಂದು ಬಲ್ಲವರೇ ಅದನ್ನು ನೆಟ್ಟಿದ್ದಾರೆ.

ಪಿರಿಯಾಪಟ್ಟಣ ತಾಲ್ಲೂಕಿನಲ್ಲಿ ಆರೋಗ್ಯ ಸಹಾಯಕಿಯಾಗಿದ್ದು ನಿವೃತ್ತಳಾದವಳು ನಾನು. ಈಗ ಮಂಡಿನೋವು, ಕೀಲುವಾತ ಇರುವ ಹೆಂಗಸರನ್ನು ಕಟ್ಟಿಕೊಂಡು ಬೆಳಗ್ಗೆ ನಡೆಯುತ್ತೇನೆ. ಹಾಗಾಗಿ ದಾರಿ ಬದಿಯ ಕಲ್ಲು, ಕಟ್ಟೆ, ಮರದ ಬೇರು, ಎಲ್ಲವನ್ನೂ ಮಂಡಿಯ ಲೆಕ್ಕದಲ್ಲೇ ನೋಡುವುದು ಅಭ್ಯಾಸವಾಗಿದೆ.

ಈ ಕಡೆ ನಡಿಗೆಗೆ ಯಾವಾಗಲೂ ಒಂದು ನೆಪವಿತ್ತು, ಜೊತೆಗೆ ಒಂದು ಗುಂಪಿತ್ತು. ಕೆ.ಆರ್.ನಗರದ ಹತ್ತಿರದ ಚುಂಚನಕಟ್ಟೆಯಲ್ಲಿ ಜನವರಿಯ ದನಗಳ ಜಾತ್ರೆಗೆ ಜೋಡೆತ್ತು ಹೊಡೆದುಕೊಂಡು ಊರಿಗೆ ಊರೇ ಹೊರಡುತ್ತಿತ್ತು. ಎತ್ತಿನ ಕಾಲಿಗೆ ದಣಿವಾಗಬಾರದೆಂದು ನಿಂತು ನಿಂತು ಹೋಗುತ್ತಿದ್ದರು. ಆ ಎಚ್ಚರಿಕೆಯಿಂದ ಜೊತೆಗೆ ಬಂದ ಮುದುಕರ ಕಾಲಿಗೂ ಬಿಡುವು ಸಿಗುತ್ತಿತ್ತು. ಬೆಟ್ಟದಪುರದ ಸಿಡಿಲು ಮಲ್ಲಿಕಾರ್ಜುನನ ಬೆಟ್ಟಕ್ಕೆ ಮೂರು ಸಾವಿರಕ್ಕೂ ಹೆಚ್ಚು ಮೆಟ್ಟಿಲು. ಹರಕೆ ಹೊತ್ತವರು ಅಲ್ಲಲ್ಲಿ ಕೂತು, ತಂದದ್ದು ತಿಂದು, ಊರ ಸುದ್ದಿ ಮುಗಿಸಿಕೊಂಡು ಹತ್ತುತ್ತಿದ್ದರು. ಬೇಸಿಗೆಯಾದರೆ ದಾರಿಯಲ್ಲಿ ಅರವಟ್ಟಿಗೆ, ನೀರುಮಜ್ಜಿಗೆ. ಊರ ಬಾಗಿಲಿಗೊಂದು ಅರಳಿಕಟ್ಟೆ. ನಡೆಯುವವರು ಸುಸ್ತಾಗುತ್ತಾರೆ, ಸುಸ್ತಾದವರು ಕೂರಬೇಕು ಎನ್ನುವುದನ್ನು ಆ ಕಾಲದ ದಾರಿ ಒಪ್ಪಿಕೊಂಡಿತ್ತು.

1948ರಲ್ಲಿ ಮೈಸೂರು ಸರ್ಕಾರ 120 ಬಸ್ಸುಗಳೊಂದಿಗೆ ಸಾರಿಗೆ ಶುರುಮಾಡಿತು. ಹಳ್ಳಿಹಳ್ಳಿಗೂ ಬಸ್ಸು ಮುಟ್ಟುವುದಕ್ಕೆ ದಶಕಗಳೇ ಹಿಡಿದವು. ಬಸ್ಸು ಬಂದದ್ದು ಒಳ್ಳೆಯದೇ. ಹೆರಿಗೆ ಬೇನೆಯವರನ್ನು ಗಾಡಿಯಲ್ಲಿ ಸಾಗಿಸುವುದು ಕಂಡವಳು ಬಸ್ಸನ್ನು ಬೈಯಲಾರಳು. ಆದರೆ ದೂರದ ನಡಿಗೆ ಹೋಯಿತು, ಕೂತು ಮಾಡುವ ಕೆಲಸ ಉಳಿಯಿತು. ಹುಣಸೂರು, ಪಿರಿಯಾಪಟ್ಟಣದ ಕಡೆ ವರ್ಜೀನಿಯಾ ಹೊಗೆಸೊಪ್ಪು ಹಬ್ಬಿತು. 1984ರಲ್ಲಿ ತಂಬಾಕು ಮಂಡಳಿಯ ಹರಾಜು ಕರ್ನಾಟಕದಲ್ಲಿ ಶುರುವಾದ ಮೇಲಂತೂ ಅದೇ ಬದುಕಾಯಿತು. ಸೊಪ್ಪು ಮುರಿಯುವಾಗ ಬುಡದ ಎಲೆಗೆ ಸೊಂಟ ಬಗ್ಗಬೇಕು. ಮುರಿದದ್ದನ್ನು ತಂದು, ಸೊಪ್ಪು ಹದಮಾಡುವ ಬ್ಯಾರನ್ ಮುಂದೆ ನೆಲದ ಮೇಲೆ ಕಾಲು ಮಡಿಸಿ ಕೂತು, ಬ್ಯಾರನ್ನಿಗೆ ಏರಿಸುವ ತನಕ ಕಡ್ಡಿಗೆ ಕಟ್ಟುತ್ತಲೇ ಇರಬೇಕು. ಕಟ್ಟುವವರು ಹೆಚ್ಚಾಗಿ ಹೆಂಗಸರು. ನಲವತ್ತು ದಾಟಿದವರು ಎದ್ದು ನಿಲ್ಲುವಾಗ ಪಕ್ಕದವಳ ಹೆಗಲು ಹಿಡಿಯುವುದನ್ನು ನಾನು ಎಷ್ಟೋ ಬ್ಯಾರನ್ ಮುಂದೆ ನೋಡಿದ್ದೇನೆ.

ಹೆಚ್.ಡಿ.ಕೋಟೆಯ ಕಥೆ ಇನ್ನೂ ಕಠಿಣ. ಜೇನು, ಗೆಡ್ಡೆಗೆಣಸಿಗೆಂದು ಕಾಡೆಲ್ಲ ಸುತ್ತುತ್ತಿದ್ದ ಜೇನುಕುರುಬರನ್ನು 1974ರಲ್ಲಿ ಮುಗಿದ ಕಬಿನಿ ಅಣೆಕಟ್ಟು, ಜೊತೆಗೆ ಅರಣ್ಯದ ಕಾನೂನು, ಎರಡೂ ಸೇರಿ ಕಾಡಂಚಿನ ಹಾಡಿಗಳಿಗೆ ತಂದು ನಿಲ್ಲಿಸಿದವು. ಹುಟ್ಟಾ ನಡೆಯುವ ಜನ ಕೊಡಗಿನ ಕಾಫಿ ತೋಟಗಳಿಗೆ ಜೀಪಿನಲ್ಲಿ ತುಂಬಿಕೊಂಡು ಕೂಲಿಗೆ ಹೋಗುವಂತಾಯಿತು. ಇದನ್ನು ಬರೆಯುವಾಗ ನನಗೆ ಸಂಕಟವಾಗುತ್ತದೆ.

ಇದೆಲ್ಲದರ ಮೇಲೆ 2006ರ ಚಿಕುನ್‌ಗುನ್ಯ. ಕರ್ನಾಟಕವೊಂದರಲ್ಲೇ ಏಳು ಲಕ್ಷಕ್ಕೂ ಹೆಚ್ಚು ಶಂಕಿತ ಪ್ರಕರಣ. ಕೋಳಿ ತಿಂದರೆ ಬರುತ್ತದೆಂದು ಜನ ಕೋಳಿ ಬಿಟ್ಟರು; ಸೊಳ್ಳೆ ಬೆಳೆಯುವ ನೀರಿನ ತೊಟ್ಟಿ ಬಿಡಲಿಲ್ಲ. ಜ್ವರ ವಾರದಲ್ಲಿ ಇಳಿಯಿತು, ಕೀಲಿನ ನೋವು ಕೆಲವರಲ್ಲಿ ವರ್ಷಗಟ್ಟಲೆ ನಿಂತಿತು. ಮನೆಮನೆಯಲ್ಲೂ ಗೋಡೆ ಹಿಡಿದು ಬಚ್ಚಲಿಗೆ ಹೋಗುವವರಿದ್ದರು.

ನಾನು ಕೆಲಸ ಕಲಿತ ಕಾಲದಲ್ಲಿ ಕೀಲುನೋವಿಗೆ ಮೊದಲ ಮಾತು ವಿಶ್ರಾಂತಿ. ಸವೆದ ಕೀಲನ್ನು ಇನ್ನಷ್ಟು ಸವೆಸಬಾರದು ಎಂಬ ನಂಬಿಕೆ. 1992ರಲ್ಲಿ ಅಮೆರಿಕದ ವೈದ್ಯಕೀಯ ಪತ್ರಿಕೆಯೊಂದರಲ್ಲಿ ಬಂದ ಅಧ್ಯಯನ ಅದನ್ನು ಅಲುಗಾಡಿಸಿತು. ಮಂಡಿ ಸವೆತದ 102 ಜನರಲ್ಲಿ ಒಂದು ಗುಂಪನ್ನು ಎಂಟು ವಾರ ಜೊತೆಗೂಡಿಸಿ, ನಿಗಾ ಇಟ್ಟು ನಡೆಸಿದರು. ಆರು ನಿಮಿಷದಲ್ಲಿ ಅವರು ನಡೆಯಬಲ್ಲ ದೂರ ಸುಮಾರು 70 ಮೀಟರ್ ಹೆಚ್ಚಿತು, ನೋವು ಇಳಿಯಿತು. ನಡೆಯದವರ ದೂರ ಇನ್ನಷ್ಟು ಕುಗ್ಗಿತು. ತೊಡೆಯ ಸ್ನಾಯು ಗಟ್ಟಿಯಾದಷ್ಟೂ ಮಂಡಿಯ ಮೇಲಿನ ಭಾರ ಹಗುರ. ಅಲುಗಾಡಿದರೇ ಕೀಲಿನೊಳಗಿನ ದ್ರವ ಮೃದ್ವಸ್ಥಿಗೆ ಆಹಾರ ಮುಟ್ಟಿಸುವುದು.

ಇದನ್ನು ನಾನು ಹೆಂಗಸರಿಗೆ ಹೇಳಿದಾಗ ಅವರು ಕೇಳಿದ್ದು ಒಂದೇ ಪ್ರಶ್ನೆ.

“ನಡೀರಿ ಅಂತೀರಲ್ಲ ನರ್ಸಮ್ಮ, ಎಲ್ಗೆ?”

ಪೇಟೆಯಲ್ಲಿ ಹಾಗೆ ಕೇಳುವುದಿಲ್ಲ. ಕೆ.ಆರ್.ನಗರವನ್ನು ನಾಲ್ವಡಿ ಕೃಷ್ಣರಾಜ ಒಡೆಯರ ಕಾಲದಲ್ಲಿ ನಕ್ಷೆ ಹಾಕಿ ಕಟ್ಟಿದ್ದು, ಅಗಲ ರಸ್ತೆ, ಸುತ್ತು ಹಾಕಿ ಬರಬಹುದು. ಹಳ್ಳಿಯಲ್ಲಿ ಹೆಂಗಸೊಬ್ಬಳು ಕೈಬೀಸಿಕೊಂಡು ಸುಮ್ಮನೆ ಹೋಗಿ ಸುಮ್ಮನೆ ಬಂದರೆ ಹತ್ತು ಬಾಯಿ ಮಾತಾಡುತ್ತವೆ. ಅವರ ಪ್ರಶ್ನೆ ನ್ಯಾಯವಾದದ್ದು. ಅದಕ್ಕೆ ಉತ್ತರ ನಮ್ಮ ತಾಲ್ಲೂಕಿನ ಬೈಲುಕುಪ್ಪೆಯಲ್ಲಿತ್ತು.

1960ರ ದಶಕದ ಮೊದಲಲ್ಲಿ ಟಿಬೆಟಿನಿಂದ ಬಂದವರು ಅಲ್ಲಿ ಕಾಡು ಕಡಿದು ಮುಸುಕಿನ ಜೋಳ ಬೆಳೆದು ನೆಲೆ ನಿಂತರು. ಅವರ ಹಿರಿಯರು ಬೆಳಗ್ಗೆ ಸಂಜೆ ದೇವಸ್ಥಾನ, ಸ್ತೂಪಗಳ ಸುತ್ತ ಬಲಕ್ಕೆ ಪ್ರದಕ್ಷಿಣೆ ಹಾಕುತ್ತಾರೆ. ಅದನ್ನು ಕೋರಾ ಎನ್ನುತ್ತಾರೆ. ಒಂದು ಕೈಯಲ್ಲಿ ಜಪಮಾಲೆ, ಇನ್ನೊಂದರಲ್ಲಿ ಊರುಗೋಲು. ಅವಸರವಿಲ್ಲ. ಕಾಲು ಸೋತವರು ಬದಿಗೆ ಕೂರುತ್ತಾರೆ, ಎದ್ದು ಮುಂದಿನ ಸುತ್ತಿಗೆ ಸೇರಿಕೊಳ್ಳುತ್ತಾರೆ. ಯಾರೂ ಆರೋಗ್ಯಕ್ಕೆಂದು ಹೊರಟವರಲ್ಲ, ಆದರೆ ದಿನ ತಪ್ಪುವುದೂ ಇಲ್ಲ.

ಹಾಗಾಗಿ ನಮ್ಮ ಗುಂಪು ಮಾರಮ್ಮನ ಗುಡಿಗೆ ಹೋಗುತ್ತದೆ, ಡೈರಿಗೆ ಹಾಲು ಹಾಕಿ ಬರುತ್ತದೆ, ಸಂತೆಯ ದಿನ ಸಂತೆಗೆ ಹೋಗುತ್ತದೆ. ದೂರವನ್ನು ಕಟ್ಟೆಯಿಂದ ಕಟ್ಟೆಗೆ ಅಳೆಯುತ್ತೇವೆ. ಹೊಸಬರಿಗೆ ಒಂದು ಕಟ್ಟೆ ಸಾಕು. ಎಲ್ಲರಿಗಿಂತ ನಿಧಾನದವಳು ಮುಂದೆ, ನಾನು ಹಿಂದೆ. ಮಾತಾಡುತ್ತಾ ನಡೆಯಲಾಗದಿದ್ದರೆ ವೇಗ ಹೆಚ್ಚಾಯಿತೆಂದು ಅರ್ಥ. ನಡೆದು ಬಂದ ನೋವು ಎರಡು ಗಂಟೆ ಕಳೆದರೂ ಇಳಿಯದಿದ್ದರೆ ಮರುದಿನ ಒಂದು ಕಟ್ಟೆ ಕಡಿಮೆ. ಕೀಲು ಊದಿ ಬಿಸಿಯಾಗಿದ್ದರೆ ನಡಿಗೆ ಬೇಡ, ಮೊದಲು ಡಾಕ್ಟರು. ಸೊಪ್ಪು ಮುರಿಯುವ ತಿಂಗಳುಗಳಲ್ಲಿ ಬೆಳಗ್ಗೆ ಯಾರೂ ಸಿಗುವುದಿಲ್ಲ. ಆಗ ಬ್ಯಾರನ್ ಮುಂದೆಯೇ ಆಗಾಗ ಎಬ್ಬಿಸಿ ನಾಲ್ಕು ಹೆಜ್ಜೆ ಹಾಕಿಸುತ್ತೇನೆ, ನೆಲದ ಬದಲು ಮಣೆಯನ್ನೋ ಸ್ಟೂಲನ್ನೋ ಹಾಕಿಸುತ್ತೇನೆ.

ರಸ್ತೆ ಅಗಲ ಮಾಡುವಾಗ ಮರದ ಜೊತೆ ಕಟ್ಟೆಯೂ ಹೋಗುತ್ತದೆ. ಮರಕ್ಕೆ ಬದಲಾಗಿ ಸಸಿ ನೆಡುತ್ತಾರೆ, ಕಟ್ಟೆಯ ಲೆಕ್ಕ ಯಾರೂ ಬರೆದುಕೊಳ್ಳುವುದಿಲ್ಲ. ಅದಕ್ಕೇ ಗ್ರಾಮಸಭೆ ಸೇರಿದಾಗ ನಮ್ಮ ಹೆಂಗಸರು ಕೇಳುವುದು ಇಷ್ಟು: ಕಾಂಕ್ರೀಟ್ ರಸ್ತೆ ಹಾಕುವಾಗ ಫರ್ಲಾಂಗಿಗೊಂದು ಕಟ್ಟೆ ಬಿಡಿ, ಒಂದೂವರೆ ಅಡಿಗೆ ಕಡಿಮೆ ಎತ್ತರ ಬೇಡ, ಏಳುವಾಗ ಹಿಡಿದುಕೊಳ್ಳಲು ಪಕ್ಕದಲ್ಲಿ ಒಂದು ಕಲ್ಲು ನೆಡಿ.