ಒಣಬರ, ಹಸಿಬರ: ನಮ್ಮ ಕೊಟ್ಟಿಗಿ ಕಂಡ ಕಾಲ



ನಮ್ಮ ಕೊಟ್ಟಿಗ್ಯಾಗ ನಾಲ್ಕು ಎತ್ತು ಕಟ್ಟುವ ಜಾಗ ಐತಿ. ಈಗ ಇರೋದು ಒಂದು ಎತ್ತು, ಒಂದು ಆಕಳ. ಹವಾಮಾನ ನಮ್ಮ ದನಗಳನ್ನ ಹೆಂಗ ಕಡಿಮಿ ಮಾಡ್ತು ಅನ್ನೋದನ್ನ ಇವತ್ತು ಬರೀತೀನಿ.

ಹಿಂದೆ ದನದ ವೈರಿ ಅಂದ್ರ ಒಣಬರ. 1876ರಲ್ಲಿ ಮಳೆ ಕೈಕೊಟ್ಟು ಧಾತು-ಈಶ್ವರ ಬರ ಬಂತು. ಆಗ ನಮ್ಮ ಸೀಮೆ ಧಾರವಾಡ ಜಿಲ್ಲೆಯ ಬಂಕಾಪುರ ತಾಲೂಕಿನೊಳಗಿತ್ತು. ಮನುಷ್ಯರಷ್ಟೇ ಅಲ್ಲ, ಮೇವು-ನೀರಿಲ್ಲದೆ ದನಗಳೂ ಸತ್ತವು. ಬರದ ಪೆಟ್ಟು ಒಂದು ವರ್ಷಕ್ಕ ಮುಗಿಯೋದಿಲ್ಲ. ಮಳೆ ಮರಳಿ ಬಂದಾಗ ಹೊಲ ಹೂಡಾಕ ಎತ್ತು ಬೇಕಲ್ಲ?

1972ರ ಬರದ ಸುದ್ದಿ ನಮ್ಮಪ್ಪ ಹೇಳ್ತಿದ್ದ. ಬಣವಿ ಖಾಲಿಯಾದ ಮ್ಯಾಲೆ ಮನಿ ಮ್ಯಾಲಿನ ಹುಲ್ಲು ಕಿತ್ತು ಎತ್ತಿಗೆ ಹಾಕಿದ್ರಂತ. ಕಡೀಕೆ ಒಂದನ್ನ ಮಾರಿ ಇನ್ನೊಂದನ್ನ ಉಳಿಸಿಕೊಂಡ. ಮುಂದಿನ ವರ್ಷ ಬಾಜೂ ಹೊಲದವರ ಎತ್ತಿನ ಜೋಡಿ ಮುಯ್ಯಿ ಮಾಡಿ ಬಿತ್ತಿದ.

ನನ್ನ ಕಾಲಕ್ಕ ವೈರಿ ಬದಲಾತು. 2019ರ ಆಗಸ್ಟ್‌ನಾಗ ವರದಾ ತುಂಬಿ ಹರಿದು ದಂಡಿ ಊರಿನವರ ಮೇವು ಕೊಳೀತು. 2022ರ ಮಳೆಗಾಲದಾಗ ಕೊಟ್ಟಿಗಿ ಆರಲೇ ಇಲ್ಲ. ಕೆಸರು, ನೊಣ, ಸೊಳ್ಳೆ. ಚರ್ಮಗಂಟು ರೋಗ ಹರಡೋದೇ ಇವುಗಳಿಂದ, ಉಣ್ಣಿಯಿಂದ. ನಮ್ಮ ಹಾವೇರಿ ಜಿಲ್ಲೆಗೆ ದೊಡ್ಡ ಪೆಟ್ಟೇ ಬಿತ್ತು, ದನದ ಸಂತೆ ನಿಂತವು. ಲಸಿಕೆ ಬಂದಾಗ ಎಡಿ ಹೊಡೆಯೋ ಗಡಿಬಿಡಿ ಅಂತ ನಾನು ಒಂದು ವಾರ ಮುಂದ ಹಾಕಿದೆ. ಅಷ್ಟರಾಗ ಎಡಗೋಲಿನ ಎತ್ತಿಗೆ ಜ್ವರ ಬಂತು, ಮೈತುಂಬ ಗಂಟು. ಒಂಬತ್ತನೇ ದಿನ ಹೋತು. ತಪ್ಪು ನಂದೇ.

ಮರುವರ್ಷ ಮತ್ತ ಒಣಬರ. 2023ರಾಗ ರಾಜ್ಯದ 236 ತಾಲೂಕಿನಾಗ 223 ಬರಪೀಡಿತ ಅಂತ ಘೋಷಣೆ ಆದವು. ಮಳೆ ಇಲ್ಲದ್ದಕ್ಕ ಮೇವಿಲ್ಲ ನಿಜ. ಆದ್ರ ಜೋಳ ಬಿಟ್ಟು ಗೋವಿನಜೋಳ ಬಿತ್ತಿದವರು ನಾವೇ ಅಲ್ಲೇನು? ಜೋಳದ ಕಣಕಿ ತಿಂದಂಗ ಗೋವಿನಜೋಳದ ದಂಟನ್ನ ದನ ತಿನ್ನೋದಿಲ್ಲ.

ದೊಡ್ಡರೋಗ ಅಂತ ಒಂದಿತ್ತು, ಕೊಟ್ಟಿಗಿಗೆ ಕೊಟ್ಟಿಗಿನೇ ಖಾಲಿ ಮಾಡ್ತಿತ್ತು. ಲಸಿಕೆಯಿಂದ ಅದು 2011ಕ್ಕ ಜಗತ್ತಿನಿಂದಲೇ ಹೋತು. ಮಳೆ ನಮ್ಮ ಕೈಯಾಗಿಲ್ಲ, ಲಸಿಕೆ ಐತಿ. ಗಳಲೆ, ಚಪ್ಪೆಬೇನೆ ಲಸಿಕೆ ಮುಂಗಾರಿಗಿಂತ ಮೊದಲೇ ಹಾಕಿಸ್ರಿ. ಕೊಟ್ಟಿಗ್ಯಾಗ ನೀರು ನಿಲ್ಲದಂಗ ಮೊರಂ ಹಾಕ್ರಿ. ಹಿಂಗಾರಿಗೆ ಅರ್ಧ ಎಕರೆನಾದ್ರೂ ಜೋಳ ಬಿತ್ರಿ.

ಅಪ್ಪ ಬರಕ್ಕ ಎತ್ತು ಮಾರಿದ, ನಾ ಮಳೆಗೆ ಎತ್ತು ಕಳಕೊಂಡೆ. ಅವನಿಗೆ ಬ್ಯಾರೆ ದಾರಿ ಇರಲಿಲ್ಲ, ನನಗಿತ್ತು.