ಮುಳಗುಂದ

ಮುಳಗುಂದ ಗದಗ ಜಿಲ್ಲೆ, ಗದಗ ತಾಲ್ಲೂಕಿನ ಪಟ್ಟಣ. ಗದಗಿನ ನೈರುತ್ಯಕ್ಕೆ ಸುಮಾರು 20 ಕಿ.ಮೀ. ದೂರದಲ್ಲಿದೆ. ಸುತ್ತಮುತ್ತ ಜೋಳ, ಹತ್ತಿ, ಕಡಲೆ ಬೆಳೆಯುವ ಎರೆಹೊಲಗಳಿವೆ. ಈ ಊರು ಯಾವ ಅರಸುಮನೆತನಕ್ಕೂ ರಾಜಧಾನಿಯಾಗಿರಲಿಲ್ಲ. ವ್ಯಾಪಾರಿಗಳು ಕಟ್ಟಿಸಿದ ಬಸದಿ, ಅಲ್ಲಿ ಪಾಠ ಹೇಳಿದ ಮುನಿಗಳು, ಅವರ ಪರಂಪರೆಯಲ್ಲಿ ಹುಟ್ಟಿದ ಗ್ರಂಥಗಳಿಂದಲೇ ಇದಕ್ಕೆ ಚರಿತ್ರೆಯಲ್ಲಿ ಸ್ಥಾನ ದೊರೆತಿದೆ.

ಇಲ್ಲಿನ ಶಕ 824ರ (ಕ್ರಿ.ಶ. 902) ಶಾಸನ ರಾಷ್ಟ್ರಕೂಟ ಇಮ್ಮಡಿ ಕೃಷ್ಣನ ಕಾಲದ್ದು. ಅದರ ಪ್ರಕಾರ ವೈಶ್ಯನಾದ ಚಂದ್ರಾರ್ಯನ ಮಗ ಚಿಕಾರ್ಯ ಇಲ್ಲಿ ಎತ್ತರವಾದ ಜಿನಾಲಯ ಕಟ್ಟಿಸಿದ. ಅದು ಮುಂದೆಯೂ ನಡೆದುಕೊಂಡು ಹೋಗಲೆಂದು ಅವನ ಮಗ ಅರಸಾರ್ಯ ಸೇನಾನ್ವಯವೆಂಬ ಜೈನ ಮುನಿಪರಂಪರೆಯ ಕನಕಸೇನ ಮುನಿಗೆ ಹೊಲ ಬಿಟ್ಟುಕೊಟ್ಟ. ಸೆಟ್ಟರೂ ಮಹಾಜನರೂ ತಮ್ಮ ಪಾಲಿನ ಭೂಮಿ ಸೇರಿಸಿದರು. ತಂದೆ ಕಟ್ಟಿಸಿದ್ದನ್ನು ಮಗ ಕಾಯ್ದ ಈ ವಿವರ, ಅರಸರ ದಂಡಯಾತ್ರೆಯ ಬಣ್ಣನೆಗಳಿಗಿಂತ ಹೆಚ್ಚಾಗಿ ಆ ಕಾಲದ ಊರಿನ ಬದುಕನ್ನು ತೋರಿಸುತ್ತದೆ.

1047ರಲ್ಲಿ ಜೈನ ಮುನಿ ಮಲ್ಲಿಷೇಣ ತನ್ನ ಸಂಸ್ಕೃತ ‘ಮಹಾಪುರಾಣ’ವನ್ನು ಇಲ್ಲಿಯೇ ಮುಗಿಸಿದ. ಕಲ್ಯಾಣ ಚಾಲುಕ್ಯ ಮೊದಲನೆಯ ಸೋಮೇಶ್ವರನ ಆಳಿಕೆಯ 1053ರ ಶಾಸನ ನರೇಂದ್ರಸೇನ ಮತ್ತು ಅವನ ಶಿಷ್ಯ ನಯಸೇನರ ವ್ಯಾಕರಣ ಪಾಂಡಿತ್ಯವನ್ನು ಕೊಂಡಾಡುತ್ತದೆ. ‘ಧರ್ಮಾಮೃತ’ದ ಕವಿ ನಯಸೇನ ಇವನಲ್ಲ, ಅದೇ ಹೆಸರಿನ, ಸುಮಾರು ಅರ್ಧ ಶತಮಾನ ಈಚಿನವನು.

1112ರ ಸುಮಾರಿಗೆ ಮುಳಗುಂದದಲ್ಲಿ ರಚಿತವಾದ ‘ಧರ್ಮಾಮೃತ’ ಊರಿನ ಅತಿ ದೊಡ್ಡ ಕೊಡುಗೆ. ಸಮ್ಯಗ್ದರ್ಶನ, ಅದರ ಎಂಟು ಅಂಗಗಳು, ಐದು ಅಣುವ್ರತಗಳು ಹೀಗೆ ಹದಿನಾಲ್ಕಕ್ಕೆ ಹದಿನಾಲ್ಕು ಆಶ್ವಾಸಗಳಲ್ಲಿ ಕಥೆ ಹೇಳಿದ ಚಂಪೂ ಇದು. ಕನ್ನಡದಲ್ಲಿ ಬರೆಯುತ್ತೇನೆಂದು ಹೊರಟು ಸಂಸ್ಕೃತವನ್ನು ತುರುಕುವುದು ತುಪ್ಪಕ್ಕೆ ಎಣ್ಣೆ ಬೆರೆಸಿದಂತೆ ಎಂದು ಕವಿ ಆಕ್ಷೇಪಿಸುತ್ತಾನೆ. ಅವನ ಗದ್ಯದಲ್ಲಿ ಗಾದೆಗಳೂ ಹಳ್ಳಿಯ ಹೋಲಿಕೆಗಳೂ ಒಂದರ ಬೆನ್ನಿಗೊಂದು ಬರುತ್ತವೆ. ದಯಾಮಿತ್ರ ಸೆಟ್ಟಿ ಮತ್ತು ವಸುಭೂತಿಯ ಕಥೆ ಓದಿದವರಿಗೆ ಈ ಮಾತು ಉತ್ಪ್ರೇಕ್ಷೆ ಅನ್ನಿಸದು. ಪಂಡಿತರೇ ತುಂಬಿದ್ದ ಊರಿನಲ್ಲಿ ಕುಳಿತು ಆಡುಮಾತಿನತ್ತ ವಾಲಿದ್ದು ಸಣ್ಣ ನಿರ್ಧಾರವಲ್ಲ. ಅಚ್ಚ ಕನ್ನಡದ ನೆಲವೂ ದೂರವಿರಲಿಲ್ಲ: ‘ಕವಿರಾಜಮಾರ್ಗ’ ತಿರುಳ್ಗನ್ನಡದ ಊರುಗಳಲ್ಲಿ ಎಣಿಸಿದ ಪುಲಿಗೆರೆ, ಅಂದರೆ ಇಂದಿನ ಲಕ್ಷ್ಮೇಶ್ವರ, ಇಲ್ಲಿಗೆ ದಕ್ಷಿಣದಲ್ಲಿ ಸಮೀಪದಲ್ಲೇ ಇದೆ.

ಪಾರ್ಶ್ವನಾಥ, ಚಂದ್ರನಾಥ ಬಸದಿಗಳಲ್ಲದೆ ಸಿದ್ಧೇಶ್ವರ, ನಗರೇಶ್ವರ ಗುಡಿಗಳೂ ಊರಲ್ಲಿವೆ. ಬ್ರಿಟಿಷರ ಕಾಲದಲ್ಲಿ ಮೊದಲು ತಾಸಗಾಂವ ಸಂಸ್ಥಾನಿಕರ ಕೈಯಲ್ಲಿದ್ದ ಮುಳಗುಂದ 1848ರಲ್ಲಿ ಆ ಸಂಸ್ಥಾನದೊಂದಿಗೆ ಕಂಪನಿ ಸರಕಾರಕ್ಕೆ ಸೇರಿತು. ಬಳಿಕ ಧಾರವಾಡ ಜಿಲ್ಲೆಯಲ್ಲಿದ್ದು, 1997ರಲ್ಲಿ ಹೊಸ ಗದಗ ಜಿಲ್ಲೆಗೆ ಬಂತು.

ಬಸದಿಗಳ ಕಾಲದ ಬಳಿಕವೂ ಬರವಣಿಗೆ ಬತ್ತಲಿಲ್ಲ. ‘ಕೈವಲ್ಯ ದರ್ಪಣ’ದ ಕರ್ತೃ ಬಾಲಲೀಲಾ ಮಹಾಂತ ಶಿವಯೋಗಿಗಳು ಈ ಊರಿನವರೆಂದೇ ಪ್ರಸಿದ್ಧರು, ಅವರ ತತ್ತ್ವಪದಗಳು ಉತ್ತರ ಕರ್ನಾಟಕದ ಭಜನಾ ಮೇಳಗಳಲ್ಲಿ ಬಳಕೆಯಲ್ಲಿವೆ. ಊರಾಚೆಯ ಗುಡ್ಡದಲ್ಲಿರುವ ದಾವಲಮಲಿಕ್ ದರ್ಗಾಕ್ಕೆ ಹಿಂದೂಗಳೂ ಮುಸಲ್ಮಾನರೂ ಹರಕೆ ಹೊತ್ತು ಬಂದು ಸಕ್ಕರೆ ಓದಿಸುತ್ತಾರೆ.